ಸರ್ ಎಂ.ವಿ. ಅವರ ಎರಡು ನಿವೃತ್ತಿಗಳು

ಸರ್ ಎಂ. ವಿಶ್ವೇಶ್ವರಯ್ಯನವರ ಬದುಕಿನ ಕಥೆಯನ್ನು ನಾವು ಸಾಮಾನ್ಯವಾಗಿ 1918ಕ್ಕೆ ತಂದು ನಿಲ್ಲಿಸಿಬಿಡುತ್ತೇವೆ. ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯ, ಮೈಸೂರು ಬ್ಯಾಂಕು, ಕನ್ನಡ ಸಾಹಿತ್ಯ ಪರಿಷತ್ತು, ಗಂಧದೆಣ್ಣೆ ಕಾರ್ಖಾನೆ, ಸಾಬೂನು ಕಾರ್ಖಾನೆ ಎಂದು ಪಟ್ಟಿ ಮಾಡಿ, ಆಮೇಲೆ ಒಂದೇ ಜಿಗಿತಕ್ಕೆ 1955ರ ಭಾರತರತ್ನಕ್ಕೆ ಬರುತ್ತೇವೆ. ನಡುವಿನ ವರ್ಷಗಳಲ್ಲಿ ಅವರು ಏನು ಮಾಡುತ್ತಿದ್ದರು ಎಂದು ಕೇಳುವವರು ಕಡಿಮೆ. ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದ ದಿನದಿಂದ 1918ರಲ್ಲಿ ಮೈಸೂರಿನ ದಿವಾನಗಿರಿ ಬಿಟ್ಟ ದಿನದವರೆಗೆ 34 ವರ್ಷ. ಅಲ್ಲಿಂದ 1962ರ ಏಪ್ರಿಲ್‌ನಲ್ಲಿ ಅವರು ತೀರಿಕೊಳ್ಳುವವರೆಗೆ 43 ವರ್ಷಕ್ಕೂ ಮೀರಿದ ಕಾಲ. ಎಂದರೆ, ಹುದ್ದೆಯಲ್ಲಿದ್ದುದಕ್ಕಿಂತ ಹೆಚ್ಚು ಕಾಲ ಅವರು ನಿವೃತ್ತರಾಗಿಯೇ ಬದುಕಿದರು.

ಅವರ ಶಿಸ್ತು, ಪ್ರಾಮಾಣಿಕತೆಗಳ ಬಗ್ಗೆ ನಮ್ಮಲ್ಲಿ ದಂತಕಥೆಗಳಿಗೆ ಬರವಿಲ್ಲ. ಸರ್ಕಾರಿ ಕೆಲಸಕ್ಕೊಂದು ದೀಪ, ಸ್ವಂತ ಕೆಲಸಕ್ಕೊಂದು ದೀಪ. ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋಗಿ ಸ್ವಂತ ಕಾರಿನಲ್ಲಿ ಮರಳಿದ್ದು. ಇವನ್ನೆಲ್ಲ ಶಾಲೆಯಿಂದಲೇ ಕೇಳಿಕೊಂಡು ಬಂದಿದ್ದೇವೆ. ಈ ಕಥೆಗಳಲ್ಲಿ ನಿಜವೆಷ್ಟು, ಕಟ್ಟಿದ್ದೆಷ್ಟು ಎಂಬ ಚರ್ಚೆ ಇಲ್ಲಿ ಬೇಡ. ಆದರೆ ಅವುಗಳ ಗದ್ದಲದಲ್ಲಿ, ಇಂದಿನ ಮಧ್ಯಮ ವರ್ಗದ ಸಂಸಾರಗಳಿಗೆ ತುಂಬ ಹತ್ತಿರದ ಒಂದು ವಿಷಯ ಮರೆಯಾಗಿದೆ. ದುಡಿಮೆಯಿಂದ ಬಿಡುವಿನ ಕಡೆಗೆ ಮನುಷ್ಯ ಹೇಗೆ ನಡೆಯಬೇಕು ಎಂಬುದೇ ಆ ವಿಷಯ. ವಿಶ್ವೇಶ್ವರಯ್ಯನವರು ಒಮ್ಮೆಯಲ್ಲ, ಎರಡು ಬಾರಿ ನಿವೃತ್ತರಾದರು. ಎರಡೂ ಸಲ ಅವರು ನಡೆದುಕೊಂಡ ರೀತಿಯಲ್ಲಿ ಒಂದು ಕ್ರಮ ಕಾಣುತ್ತದೆ.

ಮೊದಲನೆಯ ನಿವೃತ್ತಿ 1908ರದು. ಮುದ್ದೇನಹಳ್ಳಿಯ ಬಡ ಬ್ರಾಹ್ಮಣ ಕುಟುಂಬದಲ್ಲಿ 1860ರ ಸೆಪ್ಟೆಂಬರ್ 15ರಂದು ಹುಟ್ಟಿ, ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಮುಗಿಸಿದವರು ಅವರು. ನಾಸಿಕದಲ್ಲಿ ಸಹಾಯಕ ಎಂಜಿನಿಯರ್ ಆಗಿ ಆರಂಭಿಸಿ, ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ ನೀರು ಒದಗಿಸಿ, ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಿ, ದೂರದ ಏಡನ್ ಬಂದರಿನ ನೀರು ಮತ್ತು ಒಳಚರಂಡಿ ವ್ಯವಸ್ಥೆಯ ಬಗ್ಗೆ ವರದಿ ಕೊಟ್ಟು ಬಂದ ಮೇಲೆ ಅವರಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಸೇವಾ ಹಿರಿತನದಲ್ಲಿ ತಮಗಿಂತ ಮುಂದಿದ್ದವರನ್ನು ದಾಟಿ ಮೇಲೇರಿದ್ದರೂ, ಆ ಕಾಲದ ಮುಂಬಯಿ ಪ್ರಾಂತ್ಯದಲ್ಲಿ ಭಾರತೀಯನೊಬ್ಬ ಮುಖ್ಯ ಎಂಜಿನಿಯರ್ ಆಗುವ ಸಾಧ್ಯತೆ ಇರಲಿಲ್ಲ. ಅವರು ಗೋಳಾಡಲಿಲ್ಲ, ಕುರ್ಚಿಗೆ ಅಂಟಿಕೊಂಡು ಕಾಯಲೂ ಇಲ್ಲ. 48ರ ವಯಸ್ಸಿನಲ್ಲಿ ನಿವೃತ್ತಿ ಬೇಡಿದರು. ಪೂರ್ಣ ಪಿಂಚಣಿಗೆ ಬೇಕಾದ 25 ವರ್ಷಗಳ ಸೇವೆ ಇನ್ನೂ ಮುಗಿದಿರಲಿಲ್ಲ. ಆದರೂ ಅವರ ಕೆಲಸವನ್ನು ಗಮನಿಸಿ ಸರ್ಕಾರ ವಿಶೇಷವಾಗಿ ಪಿಂಚಣಿ ಮಂಜೂರು ಮಾಡಿತು.

ಇಲ್ಲಿಂದ ಮುಂದಿನ ಹೆಜ್ಜೆ ಗಮನಾರ್ಹ. ನಿವೃತ್ತರಾದವರು ಮಾರನೆಯ ದಿನವೇ ಇನ್ನೊಂದು ಹುದ್ದೆಗೆ ಅರ್ಜಿ ಹಾಕಲಿಲ್ಲ; ಮನೆಯಲ್ಲಿ ಸುಮ್ಮನೆ ಕೂರಲೂ ಇಲ್ಲ. ಸ್ವಂತ ಖರ್ಚಿನಲ್ಲಿ ಯೂರೋಪು, ಅಮೆರಿಕಗಳ ಅಧ್ಯಯನ ಪ್ರವಾಸಕ್ಕೆ ಹೊರಟರು. ಅವರು ಯೂರೋಪಿನಲ್ಲಿರುವಾಗಲೇ, 1908ರ ಸೆಪ್ಟೆಂಬರ್ ಕೊನೆಯಲ್ಲಿ ಹೈದರಾಬಾದಿನ ಮೂಸಿ ನದಿ ಉಕ್ಕಿ ಹರಿದು ನಗರದ ಬಹುಭಾಗವನ್ನು ನಾಶಮಾಡಿತು. ನಿಜಾಮರ ಸರ್ಕಾರದಿಂದ ಕರೆ ಬಂತು. ಹಿಡಿದ ಪ್ರವಾಸ ಮುಗಿಸಿಕೊಂಡು 1909ರಲ್ಲಿ ಅವರು ಹೈದರಾಬಾದಿಗೆ ಹೋದರು. ಅಲ್ಲಿ ಅವರದು ಕಾಯಂ ಹುದ್ದೆಯಲ್ಲ. ಪ್ರವಾಹ ತಡೆ ಮತ್ತು ಒಳಚರಂಡಿಯ ಯೋಜನೆ ಸಿದ್ಧಪಡಿಸಿಕೊಡುವ, ಆದಿ ಅಂತ್ಯಗಳು ಗೊತ್ತಿರುವ ಸಲಹೆಗಾರನ ಕೆಲಸ. ಕೆಲವೇ ತಿಂಗಳಲ್ಲಿ ಅದನ್ನು ಮುಗಿಸಿಕೊಟ್ಟರು. ಹಿಮಾಯತ್ ಸಾಗರ, ಉಸ್ಮಾನ್ ಸಾಗರ ಜಲಾಶಯಗಳ ಹಿಂದೆ ಇರುವುದು ಆ ತಿಂಗಳುಗಳ ದುಡಿಮೆ.

ಮೈಸೂರು ಸಂಸ್ಥಾನದಿಂದ ಮುಖ್ಯ ಎಂಜಿನಿಯರ್ ಹುದ್ದೆಯ ಆಹ್ವಾನ ಬಂದಾಗಲೂ ಅವರು ಕೂಡಲೇ ಒಪ್ಪಲಿಲ್ಲ. ರಸ್ತೆ, ಕಟ್ಟಡಗಳ ದಿನನಿತ್ಯದ ಕೆಲಸವೇ ಆದರೆ ತಮಗೆ ಆಸಕ್ತಿಯಿಲ್ಲ. ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣಕ್ಕೆ ಅವಕಾಶ ಇರುತ್ತದೆಯೇ ಎಂದು ವಿಚಾರಿಸಿ, ಭರವಸೆ ಸಿಕ್ಕ ಮೇಲೆ 1909ರ ನವೆಂಬರ್‌ನಲ್ಲಿ ಬಂದು ಸೇರಿದರು. ಪಿಂಚಣಿ ಬರುತ್ತಿರುವ ಮನುಷ್ಯನಿಗೆ ಇರುವ ಸ್ವಾತಂತ್ರ್ಯ ಅದು. ಸಂಬಳಕ್ಕಾಗಿ ದುಡಿಯುವ ಅಗತ್ಯ ತಪ್ಪಿದಾಗ, ಯಾವ ಕೆಲಸ ಮಾಡಲು ಯೋಗ್ಯ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಬಹುದು. 1912ರ ನವೆಂಬರ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ಮಾಡಿದರು. ಮುಂದಿನ ಆರು ವರ್ಷಗಳ ಕಥೆ ಕನ್ನಡಿಗರಿಗೆಲ್ಲ ಗೊತ್ತಿರುವುದೇ.

ಎರಡನೆಯ ನಿವೃತ್ತಿ ಅಷ್ಟು ಸಲೀಸಿನದಲ್ಲ. ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ತಕ್ಕ ಪ್ರಾತಿನಿಧ್ಯ ಸಿಗಬೇಕೆಂಬ ಕೂಗು ಸಂಸ್ಥಾನದಲ್ಲಿ ಬಲವಾಗಿತ್ತು. ಅದನ್ನು ಪರಿಶೀಲಿಸಲು ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಮಾನದಂಡವಾಗಬೇಕು, ಶಿಕ್ಷಣದ ಮೂಲಕ ಎಲ್ಲರನ್ನೂ ಮೇಲೆತ್ತಬೇಕು ಎಂಬುದು ದಿವಾನರ ನಿಲುವು. ದೊರೆಗೂ ದಿವಾನರಿಗೂ ಇಲ್ಲಿ ಹೊಂದಲಿಲ್ಲ. ಆ ವರ್ಷದ ಕೊನೆಗೆ ವಿಶ್ವೇಶ್ವರಯ್ಯನವರು ಅಧಿಕಾರ ಬಿಟ್ಟರು, ಎಂ. ಕಾಂತರಾಜೇ ಅರಸರು ದಿವಾನರಾದರು. ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಕರ್ನಾಟಕದ ಸಾಮಾಜಿಕ ನ್ಯಾಯದ ಇತಿಹಾಸ ಆ ವರದಿಯಿಂದಲೇ ಶುರುವಾಗುತ್ತದೆ. ಈ ಪ್ರಶ್ನೆಯಲ್ಲಿ ಕಾಲ ಮಹಾರಾಜರ ಕಡೆಗೇ ನಿಂತಿದೆ ಎಂಬುದು ನನ್ನ ಅಭಿಪ್ರಾಯ. ಆದರೂ ಒಂದು ಮಾತನ್ನು ಹೇಳಲೇಬೇಕು. ತಮಗೆ ಒಪ್ಪಿಗೆಯಿಲ್ಲದ ನೀತಿಯನ್ನು ದಿವಾನರ ಕುರ್ಚಿಯಲ್ಲಿ ಕುಳಿತು ಒಳಗಿನಿಂದಲೇ ತಡೆಹಿಡಿಯುವ ದಾರಿ ಅವರಿಗೆ ತೆರೆದೇ ಇತ್ತು. ಅವರು ಆ ದಾರಿ ಹಿಡಿಯದೆ ಕುರ್ಚಿ ತೆರವು ಮಾಡಿದರು. ಆಗ ಅವರಿಗೆ 58 ವರ್ಷ. 2008ರವರೆಗೂ ಕರ್ನಾಟಕದ ಸರ್ಕಾರಿ ನೌಕರರು ನಿವೃತ್ತರಾಗುತ್ತಿದ್ದುದು ಅದೇ ವಯಸ್ಸಿಗೆ.

ಅಧಿಕಾರ ಕಳೆದುಕೊಂಡ ದಿವಾನನೊಬ್ಬನ ಉಳಿದ ಆಯುಷ್ಯ ಹೇಗಿರಬಹುದಿತ್ತು? ಅರಮನೆಯ ಸುತ್ತ ಸುಳಿದಾಡುವುದು, ಹೊಸ ದಿವಾನರ ತಪ್ಪು ಎಣಿಸುವುದು, ಹಳೆಯ ವೈಭವವನ್ನು ಬಂದವರಿಗೆಲ್ಲ ಬಣ್ಣಿಸುವುದು. ಅಂಥವರನ್ನು ನಾವು ಇಂದಿಗೂ ಪ್ರತಿ ಊರಿನಲ್ಲೂ ಕಾಣುತ್ತೇವೆ. ವಿಶ್ವೇಶ್ವರಯ್ಯನವರು 1908ರಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿದರು. ಜಪಾನ್, ಅಮೆರಿಕ, ಕೆನಡಾ, ಯೂರೋಪುಗಳ ಸುದೀರ್ಘ ಪ್ರವಾಸಕ್ಕೆ ಹೊರಟರು. ಕಂಡದ್ದನ್ನು, ಯೋಚಿಸಿದ್ದನ್ನು ಸೇರಿಸಿ 1920ರಲ್ಲಿ ಭಾರತದ ಪುನರ್ನಿರ್ಮಾಣದ ಬಗ್ಗೆ ಪುಸ್ತಕ ಪ್ರಕಟಿಸಿದರು. ನಂತರ ಬಂದದ್ದು ಸಮಿತಿಗಳ ಕಾಲ. ಮುಂಬಯಿ ಪ್ರಾಂತ್ಯದ ತಾಂತ್ರಿಕ ಮತ್ತು ಕೈಗಾರಿಕಾ ಶಿಕ್ಷಣ ಸಮಿತಿಯ ಅಧ್ಯಕ್ಷತೆ, 1922ರಲ್ಲಿ ಹೊಸ ದೆಹಲಿಯ ನಿರ್ಮಾಣ ವೆಚ್ಚವನ್ನು ಪರಿಶೀಲಿಸಿದ ಸಮಿತಿಯ ಸದಸ್ಯತ್ವ, 1925ರಲ್ಲಿ ಭಾರತದ ಆರ್ಥಿಕ ವಿಚಾರಣಾ ಸಮಿತಿಯ ಅಧ್ಯಕ್ಷತೆ. ಎಲ್ಲವೂ ಒಂದು ಪ್ರಶ್ನೆ, ಒಂದು ವರದಿ, ಒಂದು ಗಡುವು ಇರುವ ಕೆಲಸಗಳು. ಯಾವುದೂ ಮತ್ತೊಬ್ಬರ ಹುದ್ದೆಯನ್ನು ಆಕ್ರಮಿಸುವಂಥದಲ್ಲ.

ಈ ಅವಧಿಯ ಬಹುಮುಖ್ಯ ಅಧ್ಯಾಯವೆಂದರೆ ಭದ್ರಾವತಿ. ಅಲ್ಲಿನ ಕಬ್ಬಿಣದ ಕಾರ್ಖಾನೆ ಅವರ ದಿವಾನಗಿರಿಯ ಕಾಲದ ಕನಸು. ಸುತ್ತಲ ಕಾಡಿನ ಸೌದೆಯನ್ನು ಇದ್ದಿಲಾಗಿಸಿ, ಆ ಇದ್ದಿಲಿನಿಂದ ಕುಲುಮೆ ಉರಿಸಿ ಕಬ್ಬಿಣ ತೆಗೆಯುವ ಯೋಜನೆ ಅದು. 1923ರ ಆರಂಭದಲ್ಲಿ ಉತ್ಪಾದನೆ ಶುರುವಾಯಿತು. ಆದರೆ ಮೊದಲನೆಯ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಕಾರ್ಖಾನೆ ನಷ್ಟದಲ್ಲಿ ಸಿಲುಕಿತು. ಯೋಜನೆಯೇ ತಪ್ಪೆಂಬ ಟೀಕೆ ಎದ್ದಿತು. ಸರ್ಕಾರ ಮತ್ತೆ ವಿಶ್ವೇಶ್ವರಯ್ಯನವರನ್ನು ಕರೆದು ಆಡಳಿತ ಮಂಡಳಿಯ ಅಧ್ಯಕ್ಷತೆ ಒಪ್ಪಿಸಿತು. ರಾಜ್ಯದ ಎರಡನೆಯ ಸ್ಥಾನದಲ್ಲಿದ್ದವರು ಈಗ ಒಂದು ಕಾರ್ಖಾನೆಯ ಲೆಕ್ಕಪತ್ರ ನೋಡಲು ಕುಳಿತರು. ಅದನ್ನು ಅವಮಾನವೆಂದು ಭಾವಿಸಲಿಲ್ಲ. ವೆಚ್ಚ ತಗ್ಗಿಸಿದರು, ಉಪಉತ್ಪನ್ನಗಳತ್ತ ಗಮನ ಹರಿಸಿದರು, ದುಬಾರಿ ಸಂಬಳದ ವಿದೇಶಿ ತಜ್ಞರ ಸ್ಥಾನಗಳಿಗೆ ನಮ್ಮವರನ್ನು ತರಬೇತುಗೊಳಿಸಿದರು. 1929ರಲ್ಲಿ ಅವರು ಹೊರಬರುವ ಹೊತ್ತಿಗೆ ಕಾರ್ಖಾನೆ ತನ್ನ ಕಾಲ ಮೇಲೆ ನಿಲ್ಲುವ ಸ್ಥಿತಿಗೆ ಬಂದಿತ್ತು. ಆ ವರ್ಷಗಳ ತಮ್ಮ ಸಂಭಾವನೆಯ ಬಾಕಿಯನ್ನು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗಾಗಿ ಬಳಸಬೇಕೆಂದು ಅವರು ಕೇಳಿಕೊಂಡರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾಗಿ ಮುಂದೆ ಪಾಲಿಟೆಕ್ನಿಕ್ ಎಂದು ಹೆಸರಾದ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯ ಮೂಲ ಅದು.

ಭದ್ರಾವತಿಯ ನಂತರ ಹೆಜ್ಜೆಗಳು ಇನ್ನಷ್ಟು ಹಗುರಾಗುತ್ತವೆ. 1927ರಿಂದ 1955ರವರೆಗೆ ಅವರು ಟಾಟಾ ಉಕ್ಕಿನ ಕಂಪೆನಿಯ ನಿರ್ದೇಶಕ ಮಂಡಳಿಯಲ್ಲಿದ್ದರು. ಇದು ದಿನವಿಡೀ ಕಚೇರಿಯಲ್ಲಿ ಕೂರುವ ಕೆಲಸವಲ್ಲ. ಆಗಾಗ ಸಭೆ ಸೇರಿ ಅನುಭವದ ಮಾತು ಹೇಳುವ ಕೆಲಸ. 1934ರಲ್ಲಿ, 74ನೆಯ ವಯಸ್ಸಿಗೆ, ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಏಕೆ ಬೇಕು ಎಂದು ವಿವರಿಸುವ ಗ್ರಂಥ ಬರೆದರು. ದೇಶದಲ್ಲಿ ಯೋಜನಾ ಆಯೋಗ ಸ್ಥಾಪನೆಯಾದದ್ದು ಅದಾಗಿ 16 ವರ್ಷಗಳ ಮೇಲೆ. 1935ರಲ್ಲಿ ಮೋಟಾರು ಕಾರು ತಯಾರಿಕೆಯನ್ನು ಅಭ್ಯಸಿಸಲು ಮತ್ತೊಮ್ಮೆ ಹಡಗು ಹತ್ತಿದರು. ಬೆಂಗಳೂರಿನಲ್ಲಿ ಕಾರಿನ ಕಾರ್ಖಾನೆ ತೆರೆಯಬೇಕೆಂಬ ಅವರ ಪ್ರಯತ್ನ ಫಲಿಸಲಿಲ್ಲ. 1937ರಲ್ಲಿ ಒಡಿಶಾದ ಪ್ರವಾಹಗಳ ಬಗ್ಗೆ ವರದಿ ಕೊಟ್ಟರು. 1941ರಲ್ಲಿ ಅಖಿಲ ಭಾರತ ತಯಾರಕರ ಸಂಘಟನೆಯ ನೇತೃತ್ವ ವಹಿಸಿದರು. ತೊಂಬತ್ತರ ಆಸುಪಾಸಿನಲ್ಲಿ ಅವರ ಚಿತ್ತ ಹಳ್ಳಿಗಳ ಕಡೆಗೆ ಹರಿಯಿತು. ಹಳ್ಳಿಗಳನ್ನು ಗುಂಪುಗೂಡಿಸಿ, ಅಲ್ಲಿನ ಜನರೇ ಸಮಿತಿ ಕಟ್ಟಿಕೊಂಡು ಸಣ್ಣ ಕೈಗಾರಿಕೆಗಳನ್ನು ನಡೆಸುವ ಗ್ರಾಮ ಕೈಗಾರಿಕೀಕರಣ ಯೋಜನೆಯನ್ನು ರೂಪಿಸಿದರು. 1952ರಲ್ಲಿ ಬಿಹಾರದಲ್ಲಿ ಗಂಗಾ ನದಿಗೆ ಸೇತುವೆ ಎಲ್ಲಿ ಕಟ್ಟಬೇಕೆಂಬ ವಿವಾದ ಎದ್ದಾಗ, ಸ್ಥಳ ನಿರ್ಣಯಕ್ಕೆ ಕೇಂದ್ರ ಸರ್ಕಾರ ಆಶ್ರಯಿಸಿದ್ದು 92ರ ಈ ವೃದ್ಧರನ್ನೇ. ಮೊಕಾಮಾದ ಬಳಿ 1959ರಲ್ಲಿ ಆ ಸೇತುವೆ ಸಂಚಾರಕ್ಕೆ ತೆರೆಯಿತು. 1960ರಲ್ಲಿ ಅವರ ಜನ್ಮಶತಮಾನೋತ್ಸವ ಅವರ ಎದುರಿನಲ್ಲೇ ನಡೆಯಿತು.

ಈ ಸರಣಿಯನ್ನು ಒಟ್ಟಾಗಿ ನೋಡಿದರೆ ಏನು ತೋರುತ್ತದೆ? ಮೊದಲು ಹುದ್ದೆ, ಆಮೇಲೆ ಸಂಸ್ಥೆ, ನಂತರ ಸಮಿತಿ, ಬಳಿಕ ಮಂಡಳಿ, ಕೊನೆಗೆ ಬರಹ ಮತ್ತು ಸಲಹೆ. ಇವು ಒಂದರೊಳಗೊಂದು ಹೆಣೆದುಕೊಂಡಿದ್ದವು, ನಿಜ. ಆದರೆ ಒಟ್ಟು ದಿಕ್ಕು ಸ್ಪಷ್ಟ. ಅಧಿಕಾರ ಕಡಿಮೆಯಾಗುತ್ತ ಹೋಯಿತು, ದಿನಕ್ಕೆ ಬೇಕಾದ ಗಂಟೆಗಳು ಕಡಿಮೆಯಾಗುತ್ತ ಹೋದವು, ಕೈಕೆಳಗಿನ ಸಿಬ್ಬಂದಿ ಕಡಿಮೆಯಾಯಿತು. ಕಡಿಮೆಯಾಗದೇ ಉಳಿದದ್ದು ಕಲಿಕೆ ಮತ್ತು ಉಪಯೋಗ. ಪ್ರತಿ ಘಟ್ಟದಲ್ಲೂ ಅವರು ಹಿಂದಿನದನ್ನು ಬಿಟ್ಟುಕೊಟ್ಟೇ ಮುಂದಿನದಕ್ಕೆ ಕೈಹಾಕಿದರು. ನಮ್ಮಲ್ಲಿ ಅನೇಕರು ಸೇವಾವಧಿ ವಿಸ್ತರಣೆಗಾಗಿ ಮಂತ್ರಿಗಳ ಮನೆ ಬಾಗಿಲು ಕಾಯುವುದನ್ನು ನೋಡಿದರೆ ವ್ಯತ್ಯಾಸ ಅರ್ಥವಾಗುತ್ತದೆ. ಅವರಿಗೆ ಬೇಕಿರುವುದು ಹುದ್ದೆ. ವಿಶ್ವೇಶ್ವರಯ್ಯನವರಿಗೆ ಬೇಕಿದ್ದುದು ಕೆಲಸ.

ಇದು ಮಹಾಪುರುಷರಿಗೆ ಮಾತ್ರ ಸಾಧ್ಯವಾದ ಹಾದಿಯೇ? ಹಾಗೆಂದು ನನಗನ್ನಿಸುವುದಿಲ್ಲ. ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲ, ಸಂತಾನ ವೇಣುಗೋಪಾಲಸ್ವಾಮಿಯ ದೇವಸ್ಥಾನದಿಂದ ಹೆಸರಾದ ಊರು. ಆ ಊರಿನಲ್ಲೂ ಸುತ್ತಮುತ್ತಲ ಹಳ್ಳಿಗಳಲ್ಲೂ ರೈತರ ಮನೆಗಳನ್ನು ಬಲ್ಲವರಿಗೆ ಈ ಕ್ರಮ ಹೊಸದಲ್ಲ. ರೈತನಿಗೆ ನಿವೃತ್ತಿಯ ದಿನಾಂಕವೆಂಬುದಿಲ್ಲ. ಮೈಯಲ್ಲಿ ಕಸುವು ಕುಗ್ಗುತ್ತಿದ್ದಂತೆ ನೇಗಿಲು ಮಗನ ಕೈಗೆ ಹೋಗುತ್ತದೆ. ಅಪ್ಪ ಗದ್ದೆಗೆ ನೀರು ಕಟ್ಟುವುದಕ್ಕೆ ನಿಲ್ಲುತ್ತಾನೆ. ಇನ್ನೂ ಕೆಲವು ವರ್ಷ ಕಳೆದರೆ ಹೊಲ ಕಾಯುವುದು, ದನ ಕಟ್ಟುವುದು, ಬಿತ್ತನೆಗೆ ಬೀಜ ಆಯುವುದು. ಕೊನೆಗೆ ಜಗುಲಿಯ ಮೇಲೆ ಕುಳಿತು ಮೋಡ ನೋಡಿ ಬಿತ್ತನೆಯ ಹದ ಹೇಳುವುದು. ಮಗ ಅದನ್ನು ಕೇಳಬಹುದು, ಕೇಳದೆಯೂ ಇರಬಹುದು. ಆದರೆ ಒಂದು ಬೆಳಿಗ್ಗೆ ಎದ್ದಾಗ ತಾನು ಯಾರಿಗೂ ಬೇಡದವನಾಗಿದ್ದೇನೆ ಎಂಬ ಆಘಾತ ಆ ಮುದುಕನಿಗೆ ಎದುರಾಗುವುದಿಲ್ಲ. ಅದೇ ಹಳ್ಳಿಗಳಿಂದ ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೋ ಮೈಸೂರಿನ ಕಚೇರಿಗಳಿಗೋ ದುಡಿಯಲು ಹೋಗುವವರ ಮಕ್ಕಳು ನೋಡುವುದು ಬೇರೆಯೇ ಬಗೆಯ ನಿವೃತ್ತಿ. ತಿಂಗಳ ಕೊನೆಯ ದಿನ ಸಂಜೆಯವರೆಗೂ ಪೂರ್ತಿ ಹೊಣೆ. ಅಂದೇ ಒಂದು ಹಾರ, ಒಂದು ಶಾಲು, ಹಣ್ಣಿನ ಬುಟ್ಟಿ. ಮಾರನೆಯ ಬೆಳಿಗ್ಗೆಯಿಂದ ಶೂನ್ಯ.

ಈ ಶೂನ್ಯದ ಬೆಲೆಯನ್ನು ತೆರುವವರು ನಿವೃತ್ತರು ಮಾತ್ರವಲ್ಲ. 30 ವರ್ಷಗಳ ಅನುಭವ ಸಂಸ್ಥೆಯಿಂದಲೂ ಅದೇ ಸಂಜೆ ಹೊರಟುಹೋಗುತ್ತದೆ. ಯಾವ ಪೈಪು ಎಲ್ಲಿ ಹಾದುಹೋಗಿದೆ, ಯಾವ ಕಡತದಲ್ಲಿ ಯಾವ ಗೋಜಲಿದೆ, ಯಾವ ಕೆರೆಯ ಕೋಡಿ ಎಂಥ ಮಳೆಗೆ ಒಡೆಯುತ್ತದೆ ಎಂಬ ತಿಳಿವಳಿಕೆ ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ. ಇದನ್ನು ಅರಿತ ದೇಶಗಳು ಬೇರೆ ದಾರಿ ಹುಡುಕಿವೆ. ಸ್ವೀಡನ್ 1976ರಲ್ಲೇ ಭಾಗಶಃ ಪಿಂಚಣಿಯ ಪದ್ಧತಿ ತಂದಿತು. ಅರವತ್ತು ದಾಟಿದವರು ಕೆಲಸದ ಗಂಟೆಗಳನ್ನು ತಗ್ಗಿಸಿಕೊಂಡು, ಕಳೆದುಹೋದ ಸಂಬಳದ ಒಂದಂಶವನ್ನು ಪಿಂಚಣಿಯಾಗಿ ಪಡೆಯಬಹುದಾಗಿತ್ತು. ಅಮೆರಿಕದ ಸಂಯುಕ್ತ ಸರ್ಕಾರಕ್ಕೆ ಅನ್ವಯಿಸುವಂತೆ 2012ರಲ್ಲಿ ಹಂತಹಂತದ ನಿವೃತ್ತಿಯ ಕಾನೂನು ಬಂತು. ಅರ್ಧ ಕೆಲಸ, ಅರ್ಧ ಪಿಂಚಣಿ. ಜೊತೆಗೆ ಕೆಲಸದ ಸಮಯದ ಐದರಲ್ಲಿ ಒಂದು ಪಾಲನ್ನು ಕಿರಿಯರಿಗೆ ಕಲಿಸಲು ಮೀಸಲಿಡಬೇಕೆಂಬ ನಿಯಮ. ನಮ್ಮಲ್ಲಿಯೂ ನಿವೃತ್ತರನ್ನು ಗುತ್ತಿಗೆಯ ಮೇಲೆ ಮತ್ತೆ ತೆಗೆದುಕೊಳ್ಳುವ ರೂಢಿ ಇದೆ. ಆದರೆ ಅದು ಹಕ್ಕಲ್ಲ, ನಿಯಮವಲ್ಲ, ಬಹುಪಾಲು ಕೃಪೆ.

ವಿಶ್ವೇಶ್ವರಯ್ಯನವರನ್ನು ಮಾದರಿಯಾಗಿ ಮುಂದಿಡುವಾಗ ಅವರ ಅನುಕೂಲಗಳನ್ನು ಮರೆಯುವುದು ನ್ಯಾಯವಲ್ಲ. 48ನೆಯ ವಯಸ್ಸಿಗೇ ಪಿಂಚಣಿಯ ಆಸರೆ ಸಿಕ್ಕಿತ್ತು. ಪತ್ನಿಯನ್ನು ಕಳೆದುಕೊಂಡಿದ್ದ ಅವರಿಗೆ ಮಕ್ಕಳಿರಲಿಲ್ಲ. ಸಾಕಬೇಕಾದ ಸಂಸಾರದ ಒತ್ತಡ ಕಡಿಮೆ. ಆರೋಗ್ಯ ಅಪರೂಪದ್ದು. ಮಿತವಾದ ಊಟ, ತಪ್ಪದ ನಡಿಗೆ, ಗಡಿಯಾರಕ್ಕೆ ಹೊಂದಿಸಿದ ದಿನಚರಿಯಿಂದ ಅದನ್ನು ಕಾಪಾಡಿಕೊಂಡರು ಎಂಬುದು ನಿಜವಾದರೂ, ಎಲ್ಲರಿಗೂ ಆ ಭಾಗ್ಯ ಇರುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅವರನ್ನು ಸರ್ಕಾರಗಳೇ ಹುಡುಕಿಕೊಂಡು ಬರುತ್ತಿದ್ದವು. ಸಾಮಾನ್ಯ ಗುಮಾಸ್ತನನ್ನಾಗಲಿ ಶಿಕ್ಷಕಿಯನ್ನಾಗಲಿ ಯಾರು ಹುಡುಕಿಕೊಂಡು ಬಂದಾರು? 2006ರ ಏಪ್ರಿಲ್ 1ರ ನಂತರ ಸೇರಿದ ರಾಜ್ಯ ಸರ್ಕಾರಿ ನೌಕರರನ್ನು ಹಳೆಯ ಪಿಂಚಣಿಯಿಂದ ಹೊಸ ಯೋಜನೆಗೆ ಸೇರಿಸಿದ ಮೇಲೆ, ಆ ಪೀಳಿಗೆಯ ನಿವೃತ್ತಿಯ ಚಿಂತೆ ಬೇರೆಯೇ ಆಗಿದೆ. ಕಟ್ಟಡ ಕಾರ್ಮಿಕರು, ಮನೆಗೆಲಸದವರು, ಕೂಲಿಯವರಿಗೆ ನಿವೃತ್ತಿ ಎಂಬುದೇ ಇಲ್ಲ. ಕೈಲಾಗದ ದಿನ ಬರುತ್ತದೆ, ಅಷ್ಟೇ. ಇನ್ನು ನಮ್ಮ ಮನೆಗಳಲ್ಲಿ, ಯಜಮಾನರು ನಿವೃತ್ತರಾದ ಮಾರನೆಯ ದಿನ ಒಂದು ಕಾಫಿ ಹೆಚ್ಚಾಗಿ ಮಾಡಬೇಕಾದ ಗೃಹಿಣಿಯ ನಿವೃತ್ತಿಯ ಬಗ್ಗೆ ಯಾವ ಸೇವಾ ನಿಯಮವೂ ಮಾತನಾಡುವುದಿಲ್ಲ.

ಹಿರಿಯರು ಹೋಗದಿದ್ದರೆ ಕಿರಿಯರಿಗೆ ಜಾಗವೆಲ್ಲಿ ಎಂಬುದು ಇನ್ನೊಂದು ಆಕ್ಷೇಪ. ಕೆಲಸವಿಲ್ಲದ ಪದವೀಧರರು ತುಂಬಿರುವ ರಾಜ್ಯದಲ್ಲಿ ಇದನ್ನು ತಳ್ಳಿಹಾಕುವಂತಿಲ್ಲ. ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದಂತೆ ಇನ್ನೂ ಏರಿಸುತ್ತ ಹೋಗುವುದು ಪರಿಹಾರವಲ್ಲ. ಆದರೆ ಹಂತಹಂತದ ನಿವೃತ್ತಿ ಎಂದರೆ ಹುದ್ದೆಯನ್ನು ಹಿಡಿದಿಟ್ಟುಕೊಳ್ಳುವುದಲ್ಲ, ಅದನ್ನು ಬೇಗನೆ ಬಿಟ್ಟುಕೊಡಲು ಆರಂಭಿಸುವುದು. ಕೊನೆಯ ಎರಡು ಮೂರು ವರ್ಷಗಳಲ್ಲಿ ಅಧಿಕಾರಿಯ ಅರ್ಧ ಹೊಣೆ ಹೊಸಬರಿಗೆ ಹೋಗಲಿ. ಉಳಿದ ಅರ್ಧದಲ್ಲಿ ಅವರು ಕಲಿಸುವ, ದಾಖಲಿಸುವ ಕೆಲಸ ಮಾಡಲಿ. ಉಳಿತಾಯವಾದ ಸಂಬಳದಲ್ಲಿ ಕಿರಿಯರ ನೇಮಕ ಮೊದಲೇ ಆಗಲಿ. ಭದ್ರಾವತಿಯಲ್ಲಿ ವಿದೇಶಿ ತಜ್ಞರ ಜಾಗಕ್ಕೆ ನಮ್ಮ ಹುಡುಗರನ್ನು ಅಣಿಗೊಳಿಸಿದ ವಿಶ್ವೇಶ್ವರಯ್ಯನವರು ಮಾಡಿದ್ದು ಇದನ್ನೇ ಅಲ್ಲವೇ?

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ. ವ್ಯಕ್ತಿ ತಾನಾಗಿ ಮಾಡಿಕೊಳ್ಳಬಹುದಾದ ಸಿದ್ಧತೆಯೂ ಇದೆ. ಪಿಂಚಣಿ, ಗ್ರಾಚ್ಯುಯಿಟಿ, ಠೇವಣಿಗಳ ಲೆಕ್ಕವನ್ನು ನಾವು ಹತ್ತು ವರ್ಷ ಮೊದಲೇ ಹಾಕುತ್ತೇವೆ. ಬೆಳಗಿನ ಹತ್ತರಿಂದ ಸಂಜೆ ಐದರವರೆಗಿನ ಗಂಟೆಗಳ ಲೆಕ್ಕ ಹಾಕುವುದಿಲ್ಲ. ಹುದ್ದೆಯ ಫಲಕ ಕಳಚಿದ ಮೇಲೂ ನನ್ನಲ್ಲಿ ಉಳಿಯುವ ಕೌಶಲ ಯಾವುದು, ಅದು ಯಾರಿಗೆ ಬೇಕಾಗಬಹುದು ಎಂಬ ಪ್ರಶ್ನೆಯನ್ನು 55ನೆಯ ವಯಸ್ಸಿಗೇ ಕೇಳಿಕೊಂಡರೆ ಅರವತ್ತರ ಆಘಾತ ಅರ್ಧ ಇಳಿಯುತ್ತದೆ. ಊರಿನ ಶಾಲೆಯ ಮಕ್ಕಳಿಗೆ ವಾರಕ್ಕೆರಡು ದಿನ ಗಣಿತ ಹೇಳಿಕೊಡುವ ನಿವೃತ್ತ ಎಂಜಿನಿಯರ್, ಸಹಕಾರ ಸಂಘದ ಲೆಕ್ಕ ನೋಡಿಕೊಡುವ ನಿವೃತ್ತ ಬ್ಯಾಂಕ್ ನೌಕರ, ಹಳ್ಳಿಗೆ ಮರಳಿ ರಸಬಾಳೆಯ ತೋಟಕ್ಕೆ ಮರುಜೀವ ಕೊಡಲು ಹೆಣಗುವ ಕಾರ್ಖಾನೆಯ ಮಾಜಿ ಮೇಸ್ತ್ರಿ, ಇವರೆಲ್ಲ ಅದೇ ಹಾದಿಯಲ್ಲಿ ನಡೆಯುತ್ತಿರುವವರು.

ವಿಶ್ವೇಶ್ವರಯ್ಯನವರು 1951ರಲ್ಲಿ ತಮ್ಮ ನೆನಪುಗಳನ್ನು ಪ್ರಕಟಿಸಿದಾಗ ಅವರಿಗೆ ತೊಂಬತ್ತು ದಾಟಿತ್ತು. ಆ ಪುಸ್ತಕವನ್ನು ಅವರು ತಮ್ಮ ಜೀವನದ ನೆನಪುಗಳೆಂದು ಕರೆಯಲಿಲ್ಲ, ದುಡಿಮೆಯ ಜೀವನದ ನೆನಪುಗಳೆಂದು ಕರೆದರು. ಮನೆ, ಮದುವೆ, ಬಂಧುಬಳಗದ ವಿಚಾರ ಅದರಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಆ ಬಗೆಯ ಬದುಕನ್ನು ಎಲ್ಲರೂ ಬಯಸಬೇಕಿಲ್ಲ. ಮೊಮ್ಮಕ್ಕಳನ್ನು ಆಡಿಸುವ ಸುಖವೂ ದೊಡ್ಡದೇ. ಆದರೆ ಆ ಪುಸ್ತಕದ ಗಣನೀಯ ಭಾಗ 1918ರ ನಂತರದ ಕೆಲಸಗಳಿಗೆ ಮೀಸಲಾಗಿದೆ ಎಂಬುದನ್ನು ಗಮನಿಸಬೇಕು. ದಿವಾನಗಿರಿಯ ಆರು ವರ್ಷಗಳೊಂದಿಗೆ ತಮ್ಮ ದುಡಿಮೆ ಮುಗಿಯಿತೆಂದು ಅವರು ಎಂದೂ ಎಣಿಸಲಿಲ್ಲ. ಪ್ರತಿ ಸೆಪ್ಟೆಂಬರ್ 15ರಂದು ಎಂಜಿನಿಯರುಗಳ ದಿನ ಆಚರಿಸಿ ಅವರ ಭಾವಚಿತ್ರಕ್ಕೆ ಹಾರ ಹಾಕುವ ನಮ್ಮ ಇಲಾಖೆಗಳು, ಆ ವರ್ಷ ನಿವೃತ್ತರಾಗಲಿರುವ ತಮ್ಮ ಎಂಜಿನಿಯರುಗಳ ಪಟ್ಟಿಯನ್ನೂ ಅದೇ ದಿನ ಮುಂದಿಟ್ಟುಕೊಂಡು, ಅವರ ತಿಳಿವಳಿಕೆಯನ್ನು ಯಾರಿಗೆ, ಹೇಗೆ ದಾಟಿಸುವುದೆಂದು ಯೋಚಿಸಿದರೆ ಅದು ಹಾರಕ್ಕಿಂತ ಮಿಗಿಲಾದ ಗೌರವವಾದೀತು.